ಮಾರುವ ಮೊದಲು ಮನೆಗೆ ಯಾವ ಖರ್ಚು ಮಾಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾವಿರುವ ಎರಡು ಅಂತಸ್ತಿನ ಮನೆಗೆ ಸುಮಾರು 25 ವರ್ಷವಾಗಿದೆ. ಆರು ತಿಂಗಳೊಳಗೆ ಅದನ್ನು ಮಾರಬೇಕೆಂದಿದ್ದೇವೆ. ಅಡುಗೆಮನೆ, ಎರಡು ಬಚ್ಚಲುಮನೆ ಮತ್ತು ಕೆಳಗಿನ ನೆಲವನ್ನು ಹೊಸದಾಗಿ ಮಾಡಿಸಿದರೆ ಹಾಕಿದ ಹಣಕ್ಕಿಂತ ಹೆಚ್ಚು ವಾಪಸು ಬರುತ್ತದೆ ಎಂದು ಗುತ್ತಿಗೆದಾರರೊಬ್ಬರು ಹೇಳುತ್ತಿದ್ದಾರೆ. ಏನನ್ನೂ ಮಾಡಿಸದೆ ಇದ್ದ ಹಾಗೆಯೇ ಮಾರಿಬಿಡು ಎನ್ನುವುದು ನನ್ನ ಅಣ್ಣನ ಸಲಹೆ. ಮೇಲಿನ ಬಚ್ಚಲುಮನೆಯ ಕೆಳಗಿರುವ ಕೋಣೆಯ ಚಾವಣಿಯಲ್ಲಿ ತೇವದ ಕಲೆಯಿದೆ, ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಬಿರುಕಿದೆ, ವೈರಿಂಗ್ ಮನೆ ಕಟ್ಟಿದಾಗಿನದೇ. ನಮ್ಮಲ್ಲಿರುವ ಹಣ ಕಡಿಮೆ. ಅದನ್ನು ಯಾವುದಕ್ಕೆ ಖರ್ಚು ಮಾಡುವುದು ಸರಿ?

ಉತ್ತರ: ಮೊದಲು ನೇರವಾದ ಉತ್ತರವನ್ನು ಕೊಟ್ಟು, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ಹಣದ ಮೊದಲ ಪಾಲನ್ನು ತೇವ, ಬಿರುಕು ಮತ್ತು ವೈರಿಂಗ್‌ಗಳನ್ನು ಪರೀಕ್ಷೆ ಮಾಡಿಸಿ ಸರಿಪಡಿಸುವುದಕ್ಕೆ ಇಡಿ. ಉಳಿದದ್ದನ್ನು ಬಣ್ಣ, ಬೆಳಕು, ಸ್ವಚ್ಛತೆ ಹಾಗೂ ಸಣ್ಣಪುಟ್ಟ ದುರಸ್ತಿಗಳಿಗೆ ಬಳಸಿ. ಅಡುಗೆಮನೆಯನ್ನೂ ಬಚ್ಚಲುಮನೆಗಳನ್ನೂ ಕಿತ್ತು ಹೊಸದಾಗಿ ಕಟ್ಟಿಸುವ ಯೋಚನೆಯನ್ನು ಬಿಟ್ಟುಬಿಡಿ. ನಿಮ್ಮ ಅಣ್ಣನ ಮಾತು ಸರಿಯಾಗುವ ಸಂದರ್ಭಗಳೂ ಇವೆ. ಅವುಗಳನ್ನು ಮುಂದೆ ಹೇಳುತ್ತೇನೆ. ಆದರೆ ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ನಿಮ್ಮದು ಅಂಥ ಸಂದರ್ಭವೆಂದು ನನಗೆ ತೋರುವುದಿಲ್ಲ.

ಒಂದು ಕೆಲಸಕ್ಕೆ ತಗಲುವ ಖರ್ಚು ಬೇರೆ, ಆ ಕೆಲಸದಿಂದ ಮನೆಯ ಬೆಲೆಯಲ್ಲಿ ಆಗುವ ಏರಿಕೆ ಬೇರೆ. ಮನೆಯ ಯಾವುದೇ ಭಾಗದ ಮೌಲ್ಯವೆಂದರೆ ಇಡೀ ಮನೆಯ ಬೆಲೆಗೆ ಅದು ಎಷ್ಟು ಸೇರಿಸುತ್ತದೆ ಎಂಬುದೇ ಹೊರತು, ಅದನ್ನು ಮಾಡಿಸಲು ಎಷ್ಟು ಸುರಿದಿದ್ದೇವೆ ಎಂಬುದಲ್ಲ ಎನ್ನುವುದು ಆಸ್ತಿ ಮೌಲ್ಯಮಾಪನದ ಮೂಲ ತತ್ವಗಳಲ್ಲಿ ಒಂದು. ಇದಕ್ಕೆ ಹೊಂದಿಕೊಂಡ ಇನ್ನೊಂದು ತತ್ವವೂ ಇದೆ: ಸುತ್ತಮುತ್ತಲಿನ ಮನೆಗಳಿಗಿಂತ ಬಹಳ ಮೇಲ್ಮಟ್ಟಕ್ಕೆ ಏರಿಸಿದ ಮನೆಯ ಬೆಲೆಯನ್ನು ಆ ಸುತ್ತಮುತ್ತಲೇ ಕೆಳಕ್ಕೆ ಎಳೆಯುತ್ತದೆ. ಅಷ್ಟು ಹಣ ಕೊಡಬಲ್ಲವರು ಅದೇ ಹಣಕ್ಕೆ ಇನ್ನೂ ದೊಡ್ಡ ಮನೆ ಸಿಗುವ ಬೇರೆ ಬಡಾವಣೆಯನ್ನು ನೋಡುತ್ತಾರೆ. ಆದ್ದರಿಂದ ಏನನ್ನಾದರೂ ಮಾಡಿಸುವ ಮೊದಲು, ನಿಮ್ಮ ಮನೆಯಷ್ಟೇ ದೊಡ್ಡದಾದ, ಹೆಚ್ಚುಕಡಿಮೆ ಅಷ್ಟೇ ವಯಸ್ಸಾದ ಹತ್ತಿರದ ಮನೆಗಳು ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾದವು ಎಂಬುದನ್ನು ತಿಳಿದುಕೊಳ್ಳಿ. ಜಾಹೀರಾತಿನಲ್ಲಿ ಕೇಳುತ್ತಿರುವ ಬೆಲೆ ಈ ಲೆಕ್ಕಕ್ಕೆ ಬರುವುದಿಲ್ಲ. ಆ ಮನೆಗಳಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿದ್ದ ಮನೆಗೆ ಬಂದ ಬೆಲೆಯೇ ನಿಮ್ಮ ಮನೆಗೂ ಹೆಚ್ಚುಕಡಿಮೆ ಮೇಲ್ಮಿತಿ.

ಗುತ್ತಿಗೆದಾರರು ಹೇಳಿದ ಲೆಕ್ಕ ಕೇಳುವುದಕ್ಕೆ ಏಕೆ ಸರಿಯೆನಿಸುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಇಲ್ಲಿರುವ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಪೂರ್ತಿ ನವೀಕರಿಸಿದ ಮನೆಯ ಬೆಲೆ 100 ಎಂದುಕೊಳ್ಳಿ. ನಿಮ್ಮ ಮನೆ ಈಗಿರುವ ಸ್ಥಿತಿಯಲ್ಲಿ 86ಕ್ಕೆ ಹೋಗುತ್ತದೆ. ದೋಷಗಳನ್ನು ಸರಿಪಡಿಸಿ ಬಣ್ಣ ಹೊಡೆಸಲು 4 ಖರ್ಚಾಗಿ, ಬೆಲೆ 94ಕ್ಕೆ ಏರುತ್ತದೆ. ಅದರ ಮೇಲೆ ಅಡುಗೆಮನೆ, ಬಚ್ಚಲು, ನೆಲ ಎಲ್ಲವನ್ನೂ ಹೊಸದಾಗಿ ಮಾಡಿಸಲು ಇನ್ನೂ 11 ಖರ್ಚಾಗಿ, ಬೆಲೆ 100 ಮುಟ್ಟುತ್ತದೆ. ಎಲ್ಲವನ್ನೂ ಒಟ್ಟಿಗೆ ನೋಡಿದರೆ 15 ಹಾಕಿ 14 ಪಡೆದಂತಾಗಿ, ಹೇಳಿಕೊಳ್ಳುವಂಥ ನಷ್ಟವೇನೂ ಇಲ್ಲವೆಂದೇ ತೋರುತ್ತದೆ. ಬೇರೆ ಬೇರೆಯಾಗಿ ನೋಡಿದರೆ ಮೊದಲ ಕೆಲಸದಲ್ಲಿ 4 ಉಳಿದಿದೆ, ಎರಡನೆಯದರಲ್ಲಿ 5 ಹೋಗಿದೆ. ಚಿಕ್ಕ ದುರಸ್ತಿ ತಂದ ಲಾಭದ ಹಿಂದೆ ದೊಡ್ಡ ನವೀಕರಣದ ನಷ್ಟ ಅಡಗಿಕೊಂಡಿದೆ. ಹಾಗಾಗಿ ಪ್ರತಿಯೊಂದು ಕೆಲಸವನ್ನೂ ಪ್ರತ್ಯೇಕವಾಗಿಯೇ ತೂಗಿ ನೋಡಬೇಕು. "ಎಲ್ಲಾ ಸೇರಿ ಇಷ್ಟು" ಎನ್ನುವ ಅಂದಾಜನ್ನು ಒಪ್ಪಬಾರದು.

ಈ ಲೆಕ್ಕಕ್ಕೆ ಕಾಲವನ್ನೂ ಸೇರಿಸಬೇಕು. ಮಾರಾಟ ಒಂದೊಂದು ತಿಂಗಳು ಮುಂದಕ್ಕೆ ಹೋದಾಗಲೂ ಸಾಲದ ಬಡ್ಡಿ, ತೆರಿಗೆ, ವಿಮೆ, ನಿರ್ವಹಣೆ ಎಲ್ಲವೂ ಮುಂದುವರಿಯುತ್ತವೆ. ಹಳೆಯ ಮನೆಯಲ್ಲಿ ಟೈಲ್ಸ್ ಕಿತ್ತ ಮೇಲೆ ಕೆಳಗೆ ಏನು ಸಿಗುತ್ತದೆಯೋ ಯಾರೂ ಮೊದಲೇ ಹೇಳಲಾರರು. ತುಕ್ಕು ಹಿಡಿದ ಕೊಳವೆಯೋ ಕುಸಿದ ನೆಲಗಟ್ಟೋ ಕಂಡರೆ ಅಂದಾಜು ಪತ್ರಿಕೆ ಅಲ್ಲಿಗೆ ಅರ್ಥ ಕಳೆದುಕೊಳ್ಳುತ್ತದೆ. ಅರ್ಧ ಕಿತ್ತ ಅಡುಗೆಮನೆಯನ್ನಿಟ್ಟುಕೊಂಡು ಮನೆ ತೋರಿಸುವ ಪರಿಸ್ಥಿತಿ ಬಂದರೆ, ಏನನ್ನೂ ಮಾಡಿಸದಿದ್ದಾಗ ಬರುತ್ತಿದ್ದ ಬೆಲೆಯೂ ಬರುವುದಿಲ್ಲ.

ದೋಷ ನಿವಾರಣೆ ಮೊದಲಾಗಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಕೊಳ್ಳುವವರ ಮನಸ್ಸಿನ ಲೆಕ್ಕಾಚಾರದಲ್ಲಿದೆ. ಹಳೆಯ ಕಪಾಟನ್ನು ಕಂಡವರು ಅದನ್ನು ಬದಲಿಸಲು ಎಷ್ಟಾಗುತ್ತದೆಂದು ಅಂದಾಜು ಮಾಡಬಲ್ಲರು. ಬೇಡವೆನಿಸಿದರೆ ನಾಲ್ಕಾರು ವರ್ಷ ಅದರಲ್ಲೇ ಕಾಲ ಕಳೆಯಬಲ್ಲರು. ಚಾವಣಿಯ ಕಲೆಯ ಹಿಂದೆ ಏನಿದೆ ಎಂಬುದನ್ನು ಮಾತ್ರ ಅವರು ಅಳೆಯಲಾರರು. ಅಳೆಯಲಾಗದ್ದಕ್ಕೆ ಮನುಷ್ಯರು ಅತ್ಯಂತ ಕೆಟ್ಟದ್ದನ್ನೇ ಊಹಿಸಿಕೊಂಡು, ದುರಸ್ತಿಯ ನಿಜವಾದ ಖರ್ಚಿನ ಹಲವು ಪಟ್ಟನ್ನು ಬೆಲೆಯಿಂದ ಕಡಿತ ಮಾಡುತ್ತಾರೆ. ಎಷ್ಟೋ ಮಂದಿ ಬೆಲೆ ಮಾತನಾಡುವ ಮೊದಲೇ ಹಿಂದೆ ಸರಿಯುತ್ತಾರೆ. ಒಂದು ಕಡೆ ನಿರ್ಲಕ್ಷ್ಯ ಕಂಡವರಿಗೆ, ಕಣ್ಣಿಗೆ ಬೀಳದ ಕಡೆಗಳಲ್ಲೂ ಅದೇ ನಿರ್ಲಕ್ಷ್ಯವಿರಬೇಕು ಎಂಬ ಸಂಶಯ ಸಹಜವಾಗಿಯೇ ಮೂಡುತ್ತದೆ. ಮಾರುವವರು ಮಾಡುವ ಖರ್ಚಿನಲ್ಲಿ ಈ ಸಂಶಯವನ್ನು ತೆಗೆಯುವ ಖರ್ಚಿನಷ್ಟು ಫಲ ಕೊಡುವುದು ಬೇರೊಂದಿಲ್ಲ.

ಈಗ ಚಾವಣಿಯ ಕಲೆಯ ವಿಷಯ. ಅದರ ಮೇಲೆ ಬಣ್ಣ ಹೊಡೆಸಿ ಮುಚ್ಚುವ ಯೋಚನೆಯನ್ನು ದಯವಿಟ್ಟು ಮಾಡಬೇಡಿ. ತೇವವಿರುವ ಗಿಲಾವಿನ ಮೇಲೆ ಹೊಡೆದ ಬಣ್ಣ ಕೆಲವೇ ವಾರಗಳಲ್ಲಿ ಗುಳ್ಳೆ ಏಳುತ್ತದೆ, ಕಂದು ಕಲೆ ನೀರಿನ ಆಧಾರದ ಬಣ್ಣವನ್ನು ತೂರಿ ಮತ್ತೆ ಮೇಲೆ ಬರುತ್ತದೆ, ಮತ್ತು ಅದನ್ನು ನೋಡಿದ ಪರಿಣತರಿಗೆ ನೀವು ಮರೆಮಾಚಲು ಯತ್ನಿಸಿದ್ದೀರಿ ಎಂದು ಒಡನೆಯೇ ಗೊತ್ತಾಗುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ. ಮೇಲಿನ ಬಚ್ಚಲನ್ನು ಕೆಲವು ದಿನ ಯಾರೂ ಬಳಸದೆ ಬಿಟ್ಟರೂ ಕಲೆ ಒದ್ದೆಯಾಗಿಯೇ ಇದ್ದರೆ, ಸದಾ ಒತ್ತಡದಲ್ಲಿರುವ ನೀರು ಸರಬರಾಜಿನ ಕೊಳವೆ ಸೋರುತ್ತಿರುವ ಸಾಧ್ಯತೆ ಹೆಚ್ಚು. ಎಲ್ಲ ನಲ್ಲಿಗಳನ್ನೂ ಮುಚ್ಚಿ ನೀರಿನ ಮೀಟರ್ ನೋಡಿದರೆ, ಅದು ತಿರುಗುತ್ತಿದೆಯೇ ಇಲ್ಲವೇ ಎಂಬುದರಿಂದ ಈ ಊಹೆ ಸರಿಯೋ ತಪ್ಪೋ ತಿಳಿಯುತ್ತದೆ. ಬಳಸಿದಾಗ ಮಾತ್ರ ಕಲೆ ಹಸಿಯಾಗುತ್ತಿದ್ದರೆ ನೀರು ಹೊರಹೋಗುವ ಕೊಳವೆಯನ್ನೋ ಟೈಲ್ಸ್‌ಗಳ ಸಂದುಗಳನ್ನೋ ಅನುಮಾನಿಸಬೇಕು. ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ. ಗೋಡೆ, ನೆಲ ನೆನೆಯದಂತೆ ಬಣ್ಣ ಬೆರೆಸಿದ ನೀರನ್ನು ನೇರವಾಗಿ ಕೊಳವೆಯ ಬಾಯಿಗೆ ಸುರಿದು ಒಂದು ದಿನ ಕಾಯಬೇಕು. ಕೆಳಗೆ ಏನೂ ಕಾಣದಿದ್ದರೆ, ಕೊಳವೆಯ ಬಾಯಿ ಮುಚ್ಚಿ ನೆಲದ ಮೇಲೆ ಒಂದೆರಡು ಬೆರಳು ನೀರು ನಿಲ್ಲಿಸಿ 24 ಗಂಟೆ ನೋಡಬೇಕು.

ದೋಷ ಸಂದುಗಳಲ್ಲಿದ್ದರೆ ಹಳೆಯ ಗ್ರೌಟ್ (ಟೈಲ್ಸ್ ನಡುವೆ ತುಂಬುವ ಗಾರೆ) ಕೆರೆದು ಹೊಸದು ತುಂಬಿಸುವುದು, ಗೋಡೆ ಮತ್ತು ನೆಲ ಸೇರುವ ಮೂಲೆಗೆ ಸಿಲಿಕೋನ್ ಹಾಕಿಸುವುದು ಹಲವು ಬಾರಿ ಸಾಕಾಗುತ್ತದೆ. ನೆಲದಡಿಯ ಜಲನಿರೋಧಕ ಪದರವೇ ಹಾಳಾಗಿದ್ದರೆ ಮಾತ್ರ ಆ ಒಂದು ಬಚ್ಚಲಿನ ನೆಲವನ್ನು ಕೀಳಿಸುವುದು ಅನಿವಾರ್ಯ; ಬಚ್ಚಲುಗಳನ್ನು ಕಿತ್ತು ಕಟ್ಟಿಸುವುದು ಬೇಡವೆಂದು ನಾನು ಹೇಳಿದ್ದಕ್ಕೆ ಇದೊಂದು ವಿನಾಯಿತಿ. ಸೋರಿಕೆ ನಿಂತ ಮೇಲೆ ಗಿಲಾವು ಪೂರ್ತಿ ಒಣಗಲು ಬಿಡಿ. ಇದಕ್ಕೆ ವಾರಗಳೇ ಹಿಡಿಯುತ್ತವೆ, ಆದ್ದರಿಂದಲೇ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕು. ಆಮೇಲೆ ಕಲೆ ತಡೆಯುವ ಪ್ರೈಮರ್ ಹಚ್ಚಿ, ಆ ಒಂದು ಭಾಗಕ್ಕಷ್ಟೇ ತೇಪೆ ಹಾಕದೆ ಚಾವಣಿಗೆ ಪೂರ್ತಿ ಬಣ್ಣ ಹೊಡೆಸಿ.

ಬಿರುಕಿನ ವಿಷಯದಲ್ಲಿ ಅಗಲ, ದಿಕ್ಕು, ಚಲನೆ ಈ ಮೂರನ್ನು ನೋಡಬೇಕು. ಗಿಲಾವು ಒಣಗುವಾಗ ಕುಗ್ಗಿ ಬಲೆಯಂತೆ ಹರಡುವ ಕೂದಲೆಳೆಯ ಬಿರುಕುಗಳಿಂದ ಕಟ್ಟಡಕ್ಕೆ ಅಪಾಯವಿಲ್ಲ. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವ ಕಡೆ ನೇರ ಗೆರೆಯಂತೆ ಬಿಟ್ಟುಕೊಂಡ ಸಂದಿಗೆ ಸಾಮಾನ್ಯ ಕಾರಣ, ಶಾಖ ಮತ್ತು ತೇವಕ್ಕೆ ಆ ಎರಡು ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದು. 1 ಮಿಲಿಮೀಟರ್‌ವರೆಗಿನ ಬಿರುಕನ್ನು ಬಣ್ಣದ ಕೆಲಸದ ಜೊತೆಗೇ ತುಂಬಿಸಬಹುದು. ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರುವ, ಒಂದು ತುದಿ ಕಿರಿದಾಗಿ ಇನ್ನೊಂದು ತುದಿ ಅಗಲವಾಗಿರುವ ಬಿರುಕು, ಹತ್ತಿರದ ಬಾಗಿಲು ಈಚೆಗೆ ಬಿಗಿಯಾಗತೊಡಗಿರುವುದು, 5 ಮಿಲಿಮೀಟರ್ ಮೀರಿದ ಅಗಲ, ಇವುಗಳಲ್ಲಿ ಯಾವುದು ಕಂಡರೂ ಅದು ಮೇಸ್ತ್ರಿಯ ಕೆಲಸವಲ್ಲ. ಕಟ್ಟಡ ರಚನೆಯ ಎಂಜಿನಿಯರ್ ಬಂದು ನೋಡಬೇಕು. ತೊಲೆ ಅಥವಾ ಕಂಬದ ಉದ್ದಕ್ಕೂ ಬಿರುಕು ಬಿಟ್ಟು ತುಕ್ಕಿನ ಬಣ್ಣ ಕಾಣುತ್ತಿದ್ದರಂತೂ ತಡಮಾಡಬೇಡಿ. ಒಳಗಿನ ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಇಂದೇ ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗುರುತು ಮಾಡಿ, ಅಗಲ ಅಳೆದು, ಪಕ್ಕದಲ್ಲಿ ದಿನಾಂಕ ಬರೆದು ಚಿತ್ರ ತೆಗೆದಿಡಿ. ಮಾರಾಟದ ಹೊತ್ತಿಗೆ ಅದು ಬೆಳೆದಿಲ್ಲವೆಂದು ತೋರಿಸುವ ಈ ದಾಖಲೆಗಳೂ ಎಂಜಿನಿಯರ್ ಕೊಟ್ಟ ಒಂದು ಪುಟದ ವರದಿಯೂ ಸೇರಿದರೆ, ಕೊಳ್ಳುವವರ ಆತಂಕ ಬಹುಮಟ್ಟಿಗೆ ಕಳೆಯುತ್ತದೆ. ನಿಮ್ಮ ಇಡೀ ಯೋಜನೆಯಲ್ಲಿ ಹಣಕ್ಕೆ ಅತಿ ಹೆಚ್ಚು ಬೆಲೆ ತಂದುಕೊಡುವ ಖರ್ಚು ಬಹುಶಃ ಇದೇ ಆಗಬಹುದು.

ವೈರಿಂಗ್ ಹಳೆಯದೆಂಬ ಒಂದೇ ಕಾರಣಕ್ಕೆ ಅದೆಲ್ಲವನ್ನೂ ಬದಲಿಸಬೇಕಾಗಿಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ತಂತಿಗಳ ಹೊದಿಕೆಯ ನಿರೋಧಕತೆ (ವಿದ್ಯುತ್ ಸೋರದಂತೆ ತಡೆಯುವ ಶಕ್ತಿ) ಮತ್ತು ಅರ್ಥಿಂಗ್ ಎರಡನ್ನೂ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಬರಹದಲ್ಲಿ ಪಡೆಯಿರಿ. 500 ವೋಲ್ಟ್ ಪರೀಕ್ಷೆಯಲ್ಲಿ ನಿರೋಧಕತೆ 1 ಮೆಗಾಓಮ್‌ಗಿಂತ ಕಡಿಮೆ ಬಂದ ವಿದ್ಯುತ್ ಸುತ್ತುಗಳನ್ನಷ್ಟೇ (ಸರ್ಕ್ಯೂಟ್) ಬದಲಿಸಿದರೆ ಸಾಕು. ವಿದ್ಯುತ್ ಸೋರಿದೊಡನೆ ಸರಬರಾಜು ಕಡಿಯುವ 30 ಮಿಲಿಆಂಪಿಯರ್‌ನ ರಕ್ಷಣಾ ಸಾಧನ ಇಲ್ಲದಿದ್ದರೆ ಅದನ್ನು ಹಾಕಿಸಿ. ಮಾರಾಟದ ಮಾತು ಹಾಗಿರಲಿ, ಇನ್ನೂ ಆರು ತಿಂಗಳು ನಿಮ್ಮ ಕುಟುಂಬವೇ ಆ ಮನೆಯಲ್ಲಿ ಇರುತ್ತದೆ. ಒಡೆದ ಸ್ವಿಚ್‌ಬೋರ್ಡ್‌ಗಳನ್ನೂ ಹಳದಿಗಟ್ಟಿದ ಮುಚ್ಚಳಗಳನ್ನೂ ಬದಲಿಸುವುದು ಕಡಿಮೆ ಖರ್ಚಿನ ಕೆಲಸ. ಕೊಳ್ಳುವವರು ಮನೆ ನೋಡುವಾಗ ಕೈಯಿಂದ ಮುಟ್ಟುವ ವಸ್ತುಗಳಲ್ಲಿ ಅವೂ ಸೇರಿವೆ.

ಅಡುಗೆಮನೆಯ ಬಗ್ಗೆ ನಿಮಗೆ ಆಸೆ ಹುಟ್ಟಿಸಿರುವುದು ನನಗೆ ಅರ್ಥವಾಗುತ್ತದೆ, ಏಕೆಂದರೆ ಮನೆ ನೋಡಲು ಬಂದವರು ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ. ಆದರೆ ಅಡುಗೆಮನೆ ಎಂಬುದು ಬಳಸುವವರ ಅಭಿರುಚಿ, ಎತ್ತರ, ಅಡುಗೆಯ ರೀತಿ ಇವೆಲ್ಲಕ್ಕೂ ಕಟ್ಟುಬಿದ್ದ ಜಾಗ. ನೀವು ಆರಿಸಿದ ಕಪಾಟಿನ ಬಣ್ಣವೂ ಕಟ್ಟೆಯ ಕಲ್ಲೂ ಬರುವವರಿಗೆ ಇಷ್ಟವಾಗದಿದ್ದರೆ, ಅವರು ಬೇಡದ ವಸ್ತುವಿಗೆ ಹಣ ಕೊಡಬೇಕು, ಆಮೇಲೆ ಹೊಸದನ್ನು ಕಿತ್ತುಹಾಕುವ ಸಂಕಟವನ್ನೂ ಅನುಭವಿಸಬೇಕು. ನಿಮ್ಮ ಅಡುಗೆಮನೆಯ ಕಪಾಟುಗಳ ಚೌಕಟ್ಟು ಗಟ್ಟಿಯಾಗಿದ್ದರೆ ಬಾಗಿಲುಗಳಿಗೆ ಮಾತ್ರ ಬಣ್ಣ ಹೊಡೆಸಿ ಅಥವಾ ಬಾಗಿಲುಗಳನ್ನಷ್ಟೇ ಬದಲಿಸಿ, ಹಿಡಿಗಳನ್ನೂ ಕೀಲುಗಳನ್ನೂ ಹೊಸದಾಗಿ ಹಾಕಿಸಿ, ಸೋರುವ ನಲ್ಲಿಯನ್ನು ತೆಗೆಸಿ, ಕಟ್ಟೆ ಮತ್ತು ಗೋಡೆಯ ನಡುವಿನ ಕಪ್ಪಾದ ಸಂದನ್ನು ಮತ್ತೆ ತುಂಬಿಸಿ, ಕಟ್ಟೆಯ ಮೇಲೆ ನೇರವಾಗಿ ಬೀಳುವ ದೀಪವೊಂದನ್ನು ಹಾಕಿಸಿ. ಇಷ್ಟರಿಂದಲೇ ಅಡುಗೆಮನೆ ಹಳೆಯದಾದರೂ ಅಚ್ಚುಕಟ್ಟಾಗಿದೆ ಎನ್ನುವ ಮಟ್ಟಕ್ಕೆ ಬರುತ್ತದೆ. ಆ ಮಟ್ಟದಿಂದ ಹೊಚ್ಚ ಹೊಸತು ಎನ್ನುವ ಮಟ್ಟಕ್ಕೆ ಏರುವ ಖರ್ಚನ್ನು ಬರುವವರಿಗೇ ಬಿಡಿ. ಕಟ್ಟೆಯೇ ಒಡೆದಿದೆ, ಕಪಾಟುಗಳು ಗೆದ್ದಲು ತಿಂದು ಕುಸಿದಿವೆ ಎನ್ನುವ ಸ್ಥಿತಿಯಿದ್ದರೆ ಮಾತು ಬೇರೆ. ಆಗ ಸರಳವಾದ, ತಿಳಿ ಬಣ್ಣದ, ಮಧ್ಯಮ ದರ್ಜೆಯ ವಸ್ತುಗಳಿಂದ ಬದಲಿಸುವುದು ಸರಿ.

ಬಚ್ಚಲುಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಇನ್ನೂ ಮುಖ್ಯವಾದದ್ದು ಗಾಳಿಯಾಡುವಿಕೆ. ಗೋಡೆಯ ಮೇಲ್ಮೈಯಲ್ಲಿ ಸಾಪೇಕ್ಷ ಆರ್ದ್ರತೆ ಬಹುಕಾಲ 80 ಪ್ರತಿಶತಕ್ಕಿಂತ ಹೆಚ್ಚಿದ್ದರೆ ಬೂಷ್ಟು ಬೆಳೆಯುತ್ತದೆ. ಅದನ್ನು ಎಷ್ಟು ತೊಳೆದರೂ ಮತ್ತೆ ಬರುತ್ತದೆ. ಗಾಳಿ ಹೊರಗೆಳೆಯುವ ಫ್ಯಾನ್ ಒಂದನ್ನು ಸರಿಯಾಗಿ ಕೂರಿಸಿದರೆ ಮೂಲ ಕಾರಣವೇ ಹೋಗುತ್ತದೆ. ನೆಲದ ವಿಷಯದಲ್ಲಿ ಒಡೆದ ಅಥವಾ ಅಲುಗಾಡುವ ಟೈಲ್ಸ್ ಬದಲಿಸಿ, ಯಂತ್ರದಿಂದ ತೊಳೆಸಿ, ಕಲ್ಲು ಅಥವಾ ಮರವಾದರೆ ಪಾಲಿಶ್ ಮಾಡಿಸಿ. ಅದಕ್ಕಿಂತ ಹೆಚ್ಚಿನದು ಬೇಡ.

ಬಣ್ಣ ಮತ್ತು ಬೆಳಕು ಕಡಿಮೆ ಖರ್ಚಿನಲ್ಲಿ ಇಡೀ ಮನೆಯನ್ನು ಮುಟ್ಟುವ ಕೆಲಸಗಳಾದ್ದರಿಂದ ಅವುಗಳಿಗೆ ಕೈಬಿಗಿ ಮಾಡಬೇಡಿ. ಕೋಣೆಗೊಂದು ಗಾಢ ಬಣ್ಣದ ಬದಲು ಒಂದೇ ತಿಳಿ ಬಣ್ಣವನ್ನು ಎಲ್ಲೆಡೆ ಹೊಡೆಸಿದರೆ ಕೋಣೆಗಳು ಒಂದಕ್ಕೊಂದು ಹೊಂದಿಕೊಂಡು ಮನೆ ವಿಶಾಲವಾಗಿ ತೋರುತ್ತದೆ. ಹಳೆಯ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಿ ತೆಗೆಸಬೇಡಿ. ಹಳೆಯ ಪದರಗಳಲ್ಲಿ ಸೀಸವಿರಬಹುದು, ಅದರ ಧೂಳು ಮಕ್ಕಳಿಗೆ ವಿಷ. ದೀಪಗಳು ಒಂದೊಂದು ಒಂದೊಂದು ಬಣ್ಣದ ಬೆಳಕು ಕೊಡುತ್ತಿದ್ದರೆ ಮನೆ ತೇಪೆ ಹಾಕಿದಂತೆ ಕಾಣುತ್ತದೆ. ವಾಸದ ಕೋಣೆಗಳಿಗೆಲ್ಲ 2700ರಿಂದ 3000 ಕೆಲ್ವಿನ್‌ನ ಬೆಚ್ಚನೆಯ ಬೆಳಕಿನ ದೀಪಗಳನ್ನೇ ಹಾಕಿಸಿ. ಕಿಟಕಿಯ ಗಾಜುಗಳನ್ನು ಒಳಗೂ ಹೊರಗೂ ತೊಳೆಸಿ, ಬೆಳಕನ್ನು ತಡೆಯುವ ಭಾರವಾದ ಪರದೆಗಳನ್ನೂ ಹೆಚ್ಚಿನ ಪೀಠೋಪಕರಣಗಳನ್ನೂ ತೆಗೆದಿಡಿ. ಬಾಗಿಲು ಕಿರುಗುಡುವುದು, ಚಿಲಕ ಕೂರದಿರುವುದು, ನಲ್ಲಿ ತೊಟ್ಟಿಕ್ಕುವುದು, ಇವುಗಳನ್ನು ನೀವು ಒಗ್ಗಿಕೊಂಡು ಮರೆತಿರುತ್ತೀರಿ. ಆದ್ದರಿಂದ ಮನೆಗೆ ಹೊಸಬರಾದ ಒಬ್ಬರನ್ನು ಕರೆದು, ಪ್ರತಿಯೊಂದು ಬಾಗಿಲು, ಕಿಟಕಿ, ಸ್ವಿಚ್ಚು, ನಲ್ಲಿಯನ್ನು ಮುಟ್ಟಿ ನೋಡಿ ಪಟ್ಟಿ ಮಾಡಿಕೊಡಲು ಹೇಳಿ. ಹೊರಗೆ ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದೆ ದೂರ ಹರಿಯುವಂತೆ ನೆಲದ ಇಳಿಜಾರನ್ನು ಸರಿಪಡಿಸಿ, ಪ್ರವೇಶದ ಬಾಗಿಲಿಗೆ ಬಣ್ಣ ಹೊಡೆಸಿ.

ಮಾರುವುದಕ್ಕಾಗಿಯೇ ಹೊಸ ಕೋಣೆ ಕಟ್ಟಿಸುವುದು, ಈಜುಕೊಳ ತೋಡಿಸುವುದು, ಎರಡು ಮಲಗುವ ಕೋಣೆಗಳ ನಡುವಿನ ಗೋಡೆ ಒಡೆದು ಒಂದೇ ದೊಡ್ಡ ಕೋಣೆ ಮಾಡಿಸುವುದು, ಇವು ಯಾವುವೂ ಬೇಡ. ಮನೆ ಹುಡುಕುವವರು ಮಲಗುವ ಕೋಣೆಗಳ ಸಂಖ್ಯೆಯಿಂದಲೇ ಹುಡುಕಾಟ ಶುರುಮಾಡುವುದರಿಂದ, ಒಂದು ಕೋಣೆ ಕಡಿಮೆಯಾದರೆ ನಿಮ್ಮ ಮನೆ ಅನೇಕರ ಕಣ್ಣಿಗೇ ಬೀಳುವುದಿಲ್ಲ. ಹಿಂದೆ ಅನುಮತಿ ಪಡೆಯದೆ ಕಟ್ಟಿದ ಭಾಗವೇನಾದರೂ ಇದ್ದರೆ ಅದನ್ನು ಸಕ್ರಮಗೊಳಿಸುವ ದಾರಿಯಿದೆಯೇ ಎಂದು ಈಗಲೇ ವಿಚಾರಿಸಿ. ಎಷ್ಟೋ ಮಾರಾಟಗಳು ಕೊನೆಯ ಹಂತದಲ್ಲಿ ಮುರಿದುಬೀಳುವುದು ಗೋಡೆಯ ಬಿರುಕಿನಿಂದಲ್ಲ, ಇಂಥ ಕಾಗದಪತ್ರದ ಕೊರತೆಯಿಂದ.

ಇನ್ನು ನಿಮ್ಮ ಅಣ್ಣನ ಸಲಹೆ. ಮನೆಯ ಬೆಲೆಯಲ್ಲಿ ಬಹುಪಾಲು ನಿವೇಶನದ್ದೇ ಆಗಿದ್ದು, ಕೊಳ್ಳುವವರು ಹಳೆಯದನ್ನು ಕೆಡವಿ ಹೊಸದನ್ನೇ ಕಟ್ಟುವಂಥ ಪ್ರದೇಶದಲ್ಲಿ ನೀವಿದ್ದರೆ ಬಣ್ಣಕ್ಕೂ ಖರ್ಚು ಮಾಡಬೇಕಾಗಿಲ್ಲ. ತುರ್ತಾಗಿ ಹಣ ಬೇಕಾಗಿದ್ದರೆ, ಅಥವಾ ತಳಪಾಯದ ದೋಷದಂಥ, ನಿಮ್ಮ ಕೈಲಾಗದಷ್ಟು ದೊಡ್ಡ ಕೆಲಸ ಎದುರಾದರೆ ಕೂಡ ಇದ್ದ ಹಾಗೆಯೇ ಮಾರುವುದು ಒಳ್ಳೆಯದು. ಆಗಲೂ ಬರಿಗೈಯಲ್ಲಿ ಮಾತಿಗೆ ಕೂರಬೇಡಿ. ಎಂಜಿನಿಯರ್ ವರದಿಯನ್ನೂ ಇಬ್ಬರು ಗುತ್ತಿಗೆದಾರರ ಲಿಖಿತ ಅಂದಾಜುಗಳನ್ನೂ ಮುಂದಿಟ್ಟು, ಆ ಮೊತ್ತವನ್ನು ಬೆಲೆಯಲ್ಲಿ ಬಿಟ್ಟುಕೊಡುತ್ತೇವೆ ಎಂದು ಹೇಳಿದರೆ ಚರ್ಚೆ ನಿಜವಾದ ಅಂಕಿಯ ಸುತ್ತಲೇ ನಡೆಯುತ್ತದೆ. ನಿಮಗೆ ಗೊತ್ತಿರುವ ಯಾವ ದೋಷವನ್ನೂ ಬಚ್ಚಿಡಬೇಡಿ. ಬಹಳಷ್ಟು ಕಡೆ ಅದು ಕಾನೂನಿನ ತೊಡಕಿಗೆ ದಾರಿ, ಎಲ್ಲ ಕಡೆಯೂ ಅನ್ಯಾಯ.

ಕೆಲಸ ಆರಂಭಿಸುವ ಮೊದಲು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಮಧ್ಯವರ್ತಿಗಳನ್ನೋ ಒಬ್ಬ ಸ್ವತಂತ್ರ ಮೌಲ್ಯಮಾಪಕರನ್ನೋ ಕರೆಸಿ. "ಏನು ಮಾಡಿಸಿದರೆ ಒಳ್ಳೆಯದು" ಎಂದು ಕೇಳಿದರೆ ಎಲ್ಲರೂ ಎಲ್ಲವನ್ನೂ ಹೇಳುತ್ತಾರೆ. "ಈಗಿರುವಂತೆ ಎಷ್ಟು ಬರಬಹುದು, ಈ ಮೂರು ದೋಷ ಸರಿಪಡಿಸಿದರೆ ಎಷ್ಟು, ಅದರ ಮೇಲೆ ಅಡುಗೆಮನೆಯೂ ಹೊಸದಾದರೆ ಎಷ್ಟು" ಎಂದು ಮೂರು ಅಂಕಿಗಳನ್ನು ಕೇಳಿ. ಮೂರನೆಯ ಮತ್ತು ಎರಡನೆಯ ಅಂಕಿಗಳ ನಡುವಿನ ವ್ಯತ್ಯಾಸವು ಗುತ್ತಿಗೆದಾರರು ಅಡುಗೆಮನೆಗೆ ಹೇಳಿದ ಖರ್ಚಿಗಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ, ನಾನು ಮೇಲೆ ಹೇಳಿದ್ದನ್ನು ಬದಿಗಿಟ್ಟು ಆ ಕೆಲಸ ಮಾಡಿಸಬಹುದು. ಆ ಅಂಕಿಗಳು ಕೈಗೆ ಬರುವವರೆಗೆ ಯಾರಿಗೂ ಮುಂಗಡ ಕೊಡಬೇಡಿ.

ನಿಮ್ಮಲ್ಲಿ ಆರು ತಿಂಗಳಿದೆ. ಮೊದಲ ತಿಂಗಳು ಪರೀಕ್ಷೆ, ವರದಿ ಮತ್ತು ಬೆಲೆಯ ವಿಚಾರಣೆಗೆ. ಎರಡನೆಯದು ಸೋರಿಕೆ ಮತ್ತು ವೈರಿಂಗ್ ಕೆಲಸಕ್ಕೆ. ಮೂರನೆಯದನ್ನು ಗೋಡೆ ಒಣಗುವುದಕ್ಕೆ ಬಿಟ್ಟು, ಆ ಹೊತ್ತಿನಲ್ಲಿ ಅಡುಗೆಮನೆ ಮತ್ತು ಬಚ್ಚಲುಗಳ ಸಣ್ಣ ದುರಸ್ತಿಗಳನ್ನು ಮುಗಿಸಿಕೊಳ್ಳಿ. ನಾಲ್ಕನೆಯ ತಿಂಗಳಲ್ಲಿ ಬಣ್ಣ ಹೊಡೆಸಿ, ಅದರ ವಾಸನೆ ಪೂರ್ತಿ ಹೋದ ಮೇಲೆಯೇ ಮನೆ ತೋರಿಸಲು ಶುರುಮಾಡಿ. ಹಸಿ ಬಣ್ಣದ ವಾಸನೆ ಬಂದರೆ ಏನನ್ನೋ ಈಗಷ್ಟೇ ಮುಚ್ಚಿದ್ದಾರೆ ಎಂಬ ಅನುಮಾನ ಬರುತ್ತದೆ. ಮಾಡಿಸಿದ ಪ್ರತಿಯೊಂದು ಕೆಲಸದ ರಸೀದಿ, ಖಾತರಿ ಪತ್ರ, ಪರೀಕ್ಷಾ ವರದಿ ಹಾಗೂ ಬಿರುಕಿನ ದಿನಾಂಕಸಹಿತ ಚಿತ್ರಗಳನ್ನು ಒಂದೇ ಕಡತದಲ್ಲಿಟ್ಟು, ಮನೆ ನೋಡಲು ಬಂದವರು ಕೇಳುವ ಮೊದಲೇ ಅವರ ಕೈಗೆ ಕೊಡಿ.